ಕಾಂಬಿನೇಷನ್ ಆರಿಸುವ ಮೊದಲು ಬಸ್ಸಿನ ಟೈಮ್ ನೋಡಿ

ನಮಸ್ಕಾರ. ಪಿಯುಸಿ ಮುಗಿಸಿ ಈ ವರ್ಷ ಡಿಗ್ರಿಗೆ ಸೇರುತ್ತಿರುವವರ ಜೊತೆ ಇವತ್ತು ಸ್ವಲ್ಪ ಮಾತಾಡಬೇಕು. ಅದರಲ್ಲೂ ಊರಿಂದ ದಿನಾ ಬಸ್ಸಿನಲ್ಲಿ ಓಡಾಡಿ ಓದುವವರ ಜೊತೆ.

ಬೆಳಗ್ಗೆ ಐದಕ್ಕೆ ಏಳಿ, ಒಂದು ಗಂಟೆ ಓದಿ, ಅರ್ಧ ಗಂಟೆ ವ್ಯಾಯಾಮ ಮಾಡಿ, ಡೈರಿ ಬರೆಯಿರಿ. ಇಂಥ ವಿಡಿಯೋ ನೀವೂ ನೋಡಿರುತ್ತೀರಿ ಅಲ್ವಾ? ನಾನೂ ನೋಡಿದ್ದೆ. ಐದಕ್ಕೆ ಎದ್ದೂ ಎದ್ದೆ. ನಮ್ಮನೆಯಲ್ಲಿ ಐದಕ್ಕೆ ಎದ್ದವನಿಗೆ ಪುಸ್ತಕ ಕೊಡುವುದಿಲ್ಲ, ಹಾಲು ಹಾಕಿ ಬಾ ಎಂದು ಕ್ಯಾನ್ ಕೊಡುತ್ತಾರೆ.

ನಮ್ಮೂರು ಕೊರಟಗೆರೆ ಹತ್ತಿರ. ಕಾಲೇಜು ತುಮಕೂರಿನಲ್ಲಿ. ಏಳಕ್ಕೆ ಮನೆ ಬಿಟ್ಟರೆ ಒಂಬತ್ತರ ಕ್ಲಾಸಿಗೆ ಸರಿಹೋಗುತ್ತಿತ್ತು. ಸಂಜೆ ನಾಲ್ಕೂವರೆಗೆ ಹೊರಟರೆ ಆರೂವರೆಗೆ ಮನೆ. ದಿನಕ್ಕೆ ನಾಲ್ಕು ಗಂಟೆ, ವಾರಕ್ಕೆ ಆರು ದಿನ. ಗುಣಿಸಿ ನೋಡಿ, 24 ಗಂಟೆ! ವಾರದಲ್ಲಿ ಒಂದು ಪೂರ್ತಿ ದಿನ ನಾನು ರಸ್ತೆ ಮೇಲೆ ಇರುತ್ತಿದ್ದೆ. ಈ ಲೆಕ್ಕ ನಾನು ಹಾಕಿದ್ದು ಎರಡನೇ ವರ್ಷದಲ್ಲಿ. ಕೋರ್ಸ್ ಆರಿಸುವಾಗಲೇ ಹಾಕಬೇಕಿತ್ತು.

ಯಾಕೆ ಅಂದರೆ, ಕೋರ್ಸ್ ಆರಿಸುವಾಗ ನೀವು ನಿಮ್ಮ ಮುಂದಿನ ಎಷ್ಟೋ ಸೋಮವಾರ, ಮಂಗಳವಾರಗಳನ್ನು ಆರಿಸುತ್ತಿದ್ದೀರಿ. ಸಮಯ ಹೊಂದಿಸುವ ಕೆಲಸ ಅಲ್ಲೇ ಅರ್ಧ ಮುಗಿದುಹೋಗುತ್ತದೆ. ಆಮೇಲೆ ಎಂಥ ಟೈಮ್ ಟೇಬಲ್ ಬರೆದು ಗೋಡೆಗೆ ಅಂಟಿಸಿದರೂ ಉಳಿದ ಚೂರುಪಾರು ಸಮಯಕ್ಕೆ ಅಷ್ಟೆ.

ನಾನು 2021ರ ಬ್ಯಾಚ್. ನಮ್ಮ ರಾಜ್ಯದಲ್ಲಿ ಹೊಸ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಡಿಗ್ರಿ ಶುರು ಮಾಡಿದ ಮೊದಲ ಗುಂಪು. ಎರಡು ಮುಖ್ಯ ವಿಷಯ, ಎರಡು ಭಾಷೆ, ಒಂದು ಓಪನ್ ಎಲೆಕ್ಟಿವ್ (ಬೇರೆ ವಿಭಾಗದಿಂದ ನಾವೇ ಆರಿಸಿಕೊಳ್ಳುವ ಪೇಪರ್), ಜೊತೆಗೆ ಡಿಜಿಟಲ್ ಫ್ಲೂಯೆನ್ಸಿ ಥರದ ಒಂದು ಕೌಶಲದ ಪೇಪರ್. ನಾನು ತಗೊಂಡಿದ್ದು ಫಿಸಿಕ್ಸ್, ಮ್ಯಾಥ್ಸ್. ಫಿಸಿಕ್ಸ್ ಥಿಯರಿಗೆ ನಾಲ್ಕು ಕ್ರೆಡಿಟ್, ಲ್ಯಾಬಿಗೆ ಎರಡು. ಎರಡೇ ತಾನೆ ಅಂದುಕೊಂಡೆ. ಪಾಠಕ್ಕಾದರೆ ಒಂದು ಕ್ರೆಡಿಟ್ ಅಂದರೆ ವಾರಕ್ಕೆ ಒಂದು ಗಂಟೆ. ಲ್ಯಾಬಿಗೆ ಒಂದು ಕ್ರೆಡಿಟ್ ಅಂದರೆ ಎರಡು ಗಂಟೆ. ಅಂದರೆ ಎರಡು ಕ್ರೆಡಿಟ್ಟಿನ ಲ್ಯಾಬ್ ನಾಲ್ಕು ಗಂಟೆ ತಿನ್ನುತ್ತದೆ. ಅದರ ಮೇಲೆ ರೆಕಾರ್ಡ್ ಬುಕ್. ರೆಕಾರ್ಡ್ ಬರೆಯುವುದಕ್ಕೆ ಕ್ರೆಡಿಟ್ ಎಲ್ಲೂ ಲೆಕ್ಕಕ್ಕೆ ಬರುವುದಿಲ್ಲ. ಬರೆಯುವುದು ಮಾತ್ರ ಭಾನುವಾರ.

ಸೈನ್ಸ್ ತಗೋಬೇಡಿ ಅಂತ ಹೇಳುತ್ತಿಲ್ಲ. ನನಗೆ ಈಗಲೂ ಫಿಸಿಕ್ಸ್ ಇಷ್ಟ. ಲ್ಯಾಬ್ ಇರುವ ವಿಷಯ ತಗೊಂಡರೆ ಸಂಜೆ ಯಾವ ಬಸ್ಸಿಗೆ ಹೊರಡುತ್ತೀರಿ ಎಂದು ಮೊದಲೇ ನೋಡಿಕೊಳ್ಳಿ, ಅಷ್ಟೆ.

ಇನ್ನು ಓಪನ್ ಎಲೆಕ್ಟಿವ್. ಇದು ನನ್ನ ದೊಡ್ಡ ಎಡವಟ್ಟು. ಕನ್ನಡ ವಿಭಾಗದಲ್ಲಿ ಒಂದು ಪೇಪರ್ ಇತ್ತು. ಆ ಮೇಷ್ಟ್ರ ಪಾಠ ಕೇಳಲು ಬೇರೆ ಕ್ಲಾಸಿನವರೂ ಬಂದು ಕೂರುತ್ತಿದ್ದರು. ನನಗೂ ಆಸೆ. ಆದರೆ ನನ್ನ ಗೆಳೆಯರೆಲ್ಲ ಕಾಮರ್ಸ್‌ನವರು ಕೊಡುತ್ತಿದ್ದ ಪೇಪರ್ ತಗೊಂಡರು. 'ಸ್ಕೋರಿಂಗ್ ಮಗಾ, ಕಣ್ಮುಚ್ಚಿ ತಗೋ' ಅಂದರು. ಕಣ್ಮುಚ್ಚಿಯೇ ತಗೊಂಡೆ. ಅಲ್ಲಿ ನೋಡಿದರೆ ಎಲ್ಲಾ ಗುಂಪು ಕೆಲಸ. ಅವರೆಲ್ಲ ಹಾಸ್ಟೆಲ್ಲಿನವರು. ಸಂಜೆ ಆರಕ್ಕೆ ರೂಮಿನಲ್ಲಿ ಸೇರೋಣ ಅನ್ನೋರು. ಆರಕ್ಕೆ ನಾನು ಎಲ್ಲಿ? ಬಸ್ಸಿನ ಫುಟ್‌ಬೋರ್ಡ್ ಹತ್ತಿರ, ಬ್ಯಾಗು ಯಾರದ್ದೋ ಅಜ್ಜಿ ತೊಡೆ ಮೇಲೆ. ಅಸೈನ್‌ಮೆಂಟಿನಲ್ಲಿ ನನ್ನ ಹೆಸರು ಕೊನೆಗೆ ಬರುತ್ತಿತ್ತು. ಕೆಲಸ ಮಾಡದವನು ಎಂಬ ಹೆಸರೂ ಬಂತು. ಅವರ ತಪ್ಪೇನಿಲ್ಲ ಬಿಡಿ.

ಆಮೇಲೆ ನನಗೆ ಹೊಳೆದ ಒಂದು ವಿಷಯ ಹೇಳುತ್ತೇನೆ. ಕೆಲವು ಸಬ್ಜೆಕ್ಟ್‌ಗೆ ಮೇಜು ಬೇಕು, ಕೆಲವಕ್ಕೆ ಬೇಡ. ಇಂಟಿಗ್ರೇಷನ್ ಲೆಕ್ಕವನ್ನು ನಿಂತುಕೊಂಡು ಮಾಡಲಾಗುವುದಿಲ್ಲ. ಅಕೌಂಟ್ಸ್ ಲೆಡ್ಜರನ್ನೂ ಅಷ್ಟೆ. ಆದರೆ ಒಂದು ಕಥೆ, ಚರಿತ್ರೆಯ ಒಂದು ಅಧ್ಯಾಯ, ಸಂವಿಧಾನದ ನಾಲ್ಕು ವಿಧಿಗಳು, ಇವನ್ನು ಕಿಟಕಿ ಪಕ್ಕ ಸೀಟು ಸಿಕ್ಕರೆ ಓದಬಹುದು. ಸಿಗದಿದ್ದರೆ ಇಯರ್‌ಫೋನ್ ಹಾಕಿಕೊಂಡು ಕೇಳಬಹುದು. ನಾನು ಮೂರನ್ನೂ ಮೇಜು ಬೇಕಾದವೇ ಆರಿಸಿಕೊಂಡಿದ್ದೆ. ಒಂದಾದರೂ ಬಸ್ಸಿನಲ್ಲಿ ಓದುವಂಥದ್ದು ಇದ್ದಿದ್ದರೆ ಆ 24 ಗಂಟೆಯಲ್ಲಿ ಐದಾರು ಗಂಟೆ ವಾಪಸ್ ಸಿಗುತ್ತಿತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ರೂಟಿನಲ್ಲಿ ಬೆಳಗಿನ ಹೊತ್ತು ಸೀಟು ಸಿಗುವುದು ಕಷ್ಟವಾಯಿತು. ಆದರೆ ನಮ್ಮೂರಿಂದ ಕಾಲೇಜಿಗೆ ಹೋಗುವ ಹುಡುಗಿಯರು ಜಾಸ್ತಿ ಆದರು. ಅದಕ್ಕೆ ನಾನು ನಿಂತುಕೊಂಡೇ ಹೋಗಲು ತಯಾರು.

ಹಾಜರಾತಿ ಬಗ್ಗೆಯೂ ಒಂದು ಮಾತು. ಸಾಮಾನ್ಯವಾಗಿ ಪ್ರತಿ ವಿಷಯದಲ್ಲೂ ಶೇ 75 ಇರಬೇಕು ಅನ್ನುತ್ತಾರೆ. ಹದಿನೈದು ವಾರದ ಸೆಮಿಸ್ಟರಿನಲ್ಲಿ ವಾರಕ್ಕೆ ಮೂರು ಕ್ಲಾಸ್ ಅಂದರೆ ಒಟ್ಟು 45. ತಪ್ಪಿಸಬಹುದಾದ್ದು 11. ಬಸ್ಸಿನವರಿಗೆ ತಪ್ಪುವುದು ಯಾವಾಗಲೂ ಮೊದಲ ಪೀರಿಯಡ್. ಮೊದಲ ಪೀರಿಯಡ್ ಒಂದೇ ವಿಷಯದ್ದಾಗಿದ್ದರೆ ಆ ಒಂದರಲ್ಲೇ ಶಾರ್ಟೇಜ್ ಬರುತ್ತದೆ. ಮೊದಲ ವಾರವೇ ಆ ವಿಷಯದ ಮೇಡಂ ಹತ್ತಿರ ಹೋಗಿ, ಇಂಥ ಊರು, ಇಂಥ ಬಸ್ಸು ಅಂತ ಹೇಳಿಬಿಡಿ. ಸೆಮಿಸ್ಟರ್ ಕೊನೆಯಲ್ಲಿ ಹೇಳಿದರೆ ನೆಪ ಅನ್ನಿಸುತ್ತದೆ.

ಇನ್ನು ಸೀನಿಯರ್‌ಗಳ ಸಲಹೆ. ನನ್ನದೂ ಸೇರಿಸಿಕೊಂಡೇ ಹೇಳುತ್ತಿದ್ದೇನೆ, ಜಾಸ್ತಿ ನಂಬಬೇಡಿ. ನಾನು ಓದಿದ ಪದ್ಧತಿ ಈಗ ಇಲ್ಲ. ರಾಜ್ಯದ್ದೇ ಶಿಕ್ಷಣ ನೀತಿ ರೂಪಿಸಲು ನೇಮಿಸಿದ್ದ ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿ ನೋಡಿ, 2024ರ ಮೇನಲ್ಲಿ ಸರ್ಕಾರ ರಾಷ್ಟ್ರೀಯ ನೀತಿಯ ನಾಲ್ಕು ವರ್ಷದ ಆನರ್ಸ್ ಬಿಟ್ಟು ಮತ್ತೆ ಮೂರು ವರ್ಷದ ಡಿಗ್ರಿಗೆ ಬಂತು. ನನಗೆ 'ಸ್ಕೋರಿಂಗ್' ಆಗಿದ್ದ ಪೇಪರ್ ನಿಮ್ಮ ಪಟ್ಟಿಯಲ್ಲಿ ಇಲ್ಲದೇ ಇರಬಹುದು. ನಿಮ್ಮ ವರ್ಷದ ಸಿಲಬಸ್ ಯೂನಿವರ್ಸಿಟಿ ವೆಬ್‌ಸೈಟಿನಲ್ಲಿ ಇರುತ್ತದೆ. ಅದನ್ನು ತೆಗೆದು, ಎಷ್ಟು ಗಂಟೆ, ಲ್ಯಾಬ್ ಇದೆಯಾ, ಪ್ರಾಜೆಕ್ಟ್ ಇದೆಯಾ ನೋಡಿ. ಕಾಂಬಿನೇಷನ್ ಬದಲಾಯಿಸಲು ಅವಕಾಶ ಇದೆಯಾ, ಇದ್ದರೆ ಕೊನೆ ದಿನ ಯಾವುದು ಅಂತ ಆಫೀಸಿನಲ್ಲಿ ಮೊದಲ ದಿನವೇ ಕೇಳಿ.

'ಕೆಎಎಸ್ ಮಾಡಬೇಕು ಅಂದರೆ ಎಚ್‌ಇಪಿ (ಹಿಸ್ಟರಿ, ಎಕನಾಮಿಕ್ಸ್, ಪೊಲಿಟಿಕಲ್ ಸೈನ್ಸ್) ತಗೋ' ಅಂತ ಒಬ್ಬ ಮಾವ ಎಲ್ಲರ ಮನೆಯಲ್ಲೂ ಇರುತ್ತಾನೆ. ಕೆಎಎಸ್ ಬರೆಯಲು ಯಾವ ಡಿಗ್ರಿಯಾದರೂ ಸಾಕು. ಹೈಸ್ಕೂಲ್ ಮೇಷ್ಟ್ರಾಗುವ ಆಸೆ ಇದ್ದರೆ ಮಾತ್ರ ಎಚ್ಚರ. ಅಲ್ಲಿ ಡಿಗ್ರಿಯಲ್ಲಿ ಯಾವ ವಿಷಯ ಓದಿದ್ದೀರಿ ಎಂದು ನೋಡಿಯೇ ತಗೊಳ್ಳುವುದು. ಆ ಬಾಗಿಲು ಬೇಕು ಅನ್ನುವವರು ಬಸ್ಸು ಗಿಸ್ಸು ಎಲ್ಲ ಪಕ್ಕಕ್ಕಿಟ್ಟು ಅದಕ್ಕೆ ಬೇಕಾದ ಕಾಂಬಿನೇಷನ್ನೇ ಹಿಡಿಯಿರಿ.

ಈ ವರ್ಷ ನನ್ನ ತಂಗಿ ಡಿಗ್ರಿಗೆ ಸೇರಿದಳು. ಅದೇ ರೂಟು. ಕಂಪ್ಯೂಟರ್ ಸೈನ್ಸ್ ತಗೋ, ಕೆಲಸ ಬೇಗ ಸಿಗುತ್ತದೆ ಎಂದು ನಾನೂ ಮಾವನ ಥರಾನೇ ಶುರು ಮಾಡಿದೆ. ಅವಳು ನನ್ನ ಹಳೇ ಲೆಕ್ಕದ ಹಾಳೆ ತಂದು ಮುಂದಿಟ್ಟಳು. 'ಅಣ್ಣ, ಅದನ್ನ ಬಸ್ಸಲ್ಲಿ ಓದೋಕಾಗುತ್ತಾ?' ಅಂದಳು. ಹಿಸ್ಟರಿ, ಎಕನಾಮಿಕ್ಸ್, ಐಚ್ಛಿಕ ಕನ್ನಡ ತಗೊಂಡಿದ್ದಾಳೆ. ಕನ್ನಡ ಅದೇ ಮೇಷ್ಟ್ರದ್ದು. ನೋಟ್ಸ್ ನನಗೂ ಕಳಿಸು ಅಂತ ಹೇಳಿದ್ದೇನೆ, ಇನ್ನೂ ಕಳಿಸಿಲ್ಲ.