ನಿಯಮ ಮೊದಲು ದೊಡ್ಡವರಿಗೆ, ಆಮೇಲೆ ಮಕ್ಕಳಿಗೆ

ನಮಸ್ಕಾರ.

ಇವತ್ತು ಒಂದು ರಫ್ ನೋಟ್‌ಬುಕ್ಕಿನಿಂದ ಮಾತು ಶುರು ಮಾಡುತ್ತೇನೆ. ಅದು ನನ್ನ ಅಣ್ಣನ ಮಗಳದ್ದು. ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಅವಳು ಅಜ್ಜಿಯ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪ್ರಬಂಧ ಬರೆದಳು. ಟೀಚರ್ ಅದನ್ನು ಎಐ, ಅಂದರೆ ಕೃತಕ ಬುದ್ಧಿಮತ್ತೆ, ಬರೆದದ್ದನ್ನು ಪತ್ತೆ ಮಾಡುವ ಒಂದು ಸಾಫ್ಟ್‌ವೇರಿಗೆ ಹಾಕಿ ನೋಡಿದರು. ಇದು ಎಐ ಬರೆದದ್ದು ಅಂತ ಅದು ತೋರಿಸಿತು. ಅಂಕ ಸೊನ್ನೆ. ಇಡೀ ಕ್ಲಾಸಿನ ಎದುರು ಅವಳನ್ನು ನಿಲ್ಲಿಸಿ, "ನಿಜ ಹೇಳು, ನೀನೇ ಬರೆದೆಯಾ?" ಅಂತ ಕೇಳಿದರು.

ಮನೆಗೆ ಬಂದವಳು ಅಳಲಿಲ್ಲ. ಬ್ಯಾಗಿನಿಂದ ರಫ್ ನೋಟ್‌ಬುಕ್ ತೆಗೆದು ನನ್ನ ಮುಂದೆ ಇಟ್ಟಳು. "ನೀನೇ ನೋಡು ಚಿಕ್ಕಪ್ಪ" ಅಂದಳು.

ನಾಲ್ಕು ಪುಟ. ಮೊದಲ ಸಾಲನ್ನೇ ಐದು ಸಲ ಬರೆದು ಐದು ಸಲ ಹೊಡೆದು ಹಾಕಿದ್ದಳು. ಅಜ್ಜಿಯ ಕೈ ಯಾವಾಗಲೂ ಬೆಚ್ಚಗಿರುತ್ತಿತ್ತು ಅನ್ನುವ ಸಾಲು ಮೂರನೇ ಪುಟದ ಕೆಳಗೆಲ್ಲೋ ಇತ್ತು. ಅಲ್ಲಿಂದ ಪೆನ್ಸಿಲಿನಲ್ಲಿ ಉದ್ದಕ್ಕೆ ಬಾಣ ಎಳೆದು, 'ಇದು ಮೊದಲಿಗೆ' ಅಂತ ಗುರುತು ಹಾಕಿಕೊಂಡಿದ್ದಳು. ಆ ಬಾಣ ನೋಡಿದರೆ ಸಾಕು, ಒಂದು ಮಗು ಕೂತು ಯೋಚನೆ ಮಾಡಿದ್ದು ಕಣ್ಣಿಗೆ ಕಾಣುತ್ತದೆ. ಶಾಲೆಯಲ್ಲಿ ಯಾರೂ ಆ ನೋಟ್‌ಬುಕ್ ಕೇಳಿರಲಿಲ್ಲ.

ಆ ಟೀಚರ್ ಒಬ್ಬರನ್ನೇ ದೂರಲು ನನಗೆ ಮನಸ್ಸಿಲ್ಲ. ಅವರ ಕೈಗೆ ಆ ಸಾಫ್ಟ್‌ವೇರ್ ಕೊಟ್ಟವರು, ಅದರ ಮಾತನ್ನು ಎಷ್ಟು ನಂಬಬಹುದು ಅಂತ ಹೇಳಿಕೊಟ್ಟಿರಲಿಲ್ಲ. ಶಾಲೆಯಲ್ಲಿ ಇದ್ದ ನಿಯಮ ಒಂದೇ ಸಾಲಿನದು. ವಿದ್ಯಾರ್ಥಿಗಳು ಎಐ ಬಳಸಬಾರದು. ದೊಡ್ಡವರು ಏನು ಮಾಡಬಾರದು ಅಂತ ಎಲ್ಲೂ ಬರೆದಿರಲಿಲ್ಲ.

ನಾನು ಹೇಳಬೇಕು ಅಂತ ಬಂದಿರುವುದು ಅದನ್ನೇ. ಸರ್ಕಾರಿ ಶಾಲೆಗಳಿಗೆ ಎಐ ನಿಯಮ ಬೇಕೇ ಬೇಕು. ಆದರೆ ಆ ನಿಯಮ ಮೊದಲು ಟೀಚರಿಗೆ, ಹೆಡ್‌ಮಾಸ್ಟರಿಗೆ, ಶಿಕ್ಷಣ ಇಲಾಖೆಗೆ, ಸಾಫ್ಟ್‌ವೇರ್ ಮಾರುವ ಕಂಪನಿಗೆ ಅನ್ವಯ ಆಗಬೇಕು. ಮಕ್ಕಳ ಸರದಿ ಆಮೇಲೆ.

ಈ ಪತ್ತೆ ಸಾಫ್ಟ್‌ವೇರ್‌ಗಳ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕೇಳಿದ್ದನ್ನು ಬರೆದುಕೊಡುವ ಎಐ ಚಾಟ್‌ಜಿಪಿಟಿ ಜನರ ಕೈಗೆ ಬಂದದ್ದು 2022ರ ನವೆಂಬರ್ 30ರಂದು. ಅದನ್ನು ತಯಾರಿಸಿದ ಓಪನ್‌ಎಐ ಕಂಪನಿ ಎರಡೇ ತಿಂಗಳಲ್ಲಿ, 2023ರ ಜನವರಿ ಕೊನೆಗೆ, ಎಐ ಬರಹ ಪತ್ತೆ ಮಾಡುವ ಸಾಧನವನ್ನೂ ಹೊರಗೆ ತಂದಿತು. ಕಂಪನಿಯೇ ಕೊಟ್ಟ ಲೆಕ್ಕ ಕೇಳಿ. ಎಐ ಬರೆದ ಬರಹಗಳಲ್ಲಿ ಅದು ಹಿಡಿದದ್ದು ಶೇ 26ರಷ್ಟನ್ನು ಮಾತ್ರ. ಮನುಷ್ಯರು ಬರೆದದ್ದರಲ್ಲಿ ಶೇ 9ರಷ್ಟನ್ನು ಎಐ ಬರೆದದ್ದು ಅಂದಿತು. ಜುಲೈ ಹೊತ್ತಿಗೆ, ನಿಖರತೆ ಸಾಲದು ಅಂತ ಕಂಪನಿಯೇ ಅದನ್ನು ನಿಲ್ಲಿಸಿತು.

ಶೇ 9 ಅಂದರೆ ಕಮ್ಮಿ ಅನಿಸಬಹುದು. ನಲವತ್ತು ಮಕ್ಕಳ ಒಂದು ಕ್ಲಾಸನ್ನು ಕಣ್ಣ ಮುಂದೆ ತಂದುಕೊಳ್ಳಿ. ನಲವತ್ತೂ ಮಕ್ಕಳು ತಾವೇ ಬರೆದಿದ್ದರೂ ಮೂರೋ ನಾಲ್ಕೋ ಮಕ್ಕಳ ಮೇಲೆ ಕಳ್ಳತನದ ಹೆಸರು ಬರುತ್ತದೆ. ಮುಂದಿನ ಪ್ರಬಂಧಕ್ಕೆ ಮತ್ತೆ ಮೂರೋ ನಾಲ್ಕೋ ಮಕ್ಕಳು.

ಅದೇ ವರ್ಷ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಇಂಥ ಏಳು ಸಾಧನಗಳನ್ನು ಪರೀಕ್ಷೆ ಮಾಡಿದರು. ಇಂಗ್ಲಿಷ್ ತಾಯಿನುಡಿ ಅಲ್ಲದವರು, ಇಂಗ್ಲಿಷ್ ಎಷ್ಟು ಬರುತ್ತದೆ ಅಂತ ಅಳೆಯುವ ಟೋಫೆಲ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಅವಕ್ಕೆ ಕೊಟ್ಟರು. ಸರಾಸರಿ ಶೇ 61ರಷ್ಟನ್ನು ಅವು ಎಐ ಬರಹ ಅಂದುಬಿಟ್ಟವು. ಅಮೆರಿಕದ ಎಂಟನೇ ತರಗತಿ ಮಕ್ಕಳ ಪ್ರಬಂಧ ಕೊಟ್ಟಾಗ ಮಾತ್ರ ಹೆಚ್ಚುಕಮ್ಮಿ ತಪ್ಪೇ ಆಗಲಿಲ್ಲ. ಹೀಗಾಗಲು ಕಾರಣ ಇದೆ. ಮುಂದಿನ ಪದ ಇದೇ ಇರಬೇಕು ಅಂತ ಸುಲಭವಾಗಿ ಊಹಿಸಲು ಆಗುವ ಬರಹ ಕಂಡರೆ ಈ ಸಾಧನಗಳಿಗೆ ಅನುಮಾನ. ಇನ್ನೊಂದು ಭಾಷೆಯನ್ನು ಕಲಿತು ಬರೆಯುವ ಮಗು ಬರೆಯುವುದೇ ಹಾಗೆ ಅಲ್ವಾ? ಗೊತ್ತಿರುವ ಪದ, ಗೊತ್ತಿರುವ ವಾಕ್ಯ ಇಟ್ಟುಕೊಂಡು, ತಪ್ಪಾಗದ ಹಾಗೆ ಹುಷಾರಾಗಿ ಬರೆಯುತ್ತದೆ. ಆ ಹುಷಾರಿಗೇ ಶಿಕ್ಷೆ ಸಿಗುತ್ತಿದೆ.

ಹಾಗಾಗಿ ನನ್ನ ಪಾಲಿಗೆ ಮೊದಲನೇ ನಿಯಮ ಇದು. ಸಾಫ್ಟ್‌ವೇರ್ ಹೇಳಿತು ಅನ್ನುವ ಒಂದೇ ಕಾರಣಕ್ಕೆ ಯಾವ ಮಗುವಿನ ಅಂಕವನ್ನೂ ಕಡಿಯಬಾರದು. ಅನುಮಾನ ಬಂದರೆ ರಫ್ ಕಾಪಿ ಕೇಳಿ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಐದು ನಿಮಿಷ ಮಾತಾಡಿಸಿ. ಈ ಸಾಲನ್ನು ಯಾಕೆ ಮೊದಲಿಗೆ ತಂದೆ ಅಂತ ಕೇಳಿ. ತಾನೇ ಬರೆದಿದ್ದರೆ ಒಂದಲ್ಲ ಒಂದು ಉತ್ತರ ಬರುತ್ತದೆ. ಮತ್ತೆ, ಆ ಮಾತು ಕ್ಲಾಸಿನ ಎದುರು ಬೇಡ.

ಇಷ್ಟೆಲ್ಲ ರಗಳೆ ಯಾಕೆ, ಪೂರ್ತಿ ನಿಷೇಧ ಮಾಡಿಬಿಡಿ ಅನ್ನುವವರು ಇದ್ದಾರೆ. ಮಾಡಿ ನೋಡಿದ್ದಾಗಿದೆ. 2023ರ ಜನವರಿಯಲ್ಲಿ ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳು ತಮ್ಮ ಕಂಪ್ಯೂಟರ್‌ಗಳಲ್ಲಿ, ತಮ್ಮ ನೆಟ್‌ವರ್ಕಿನಲ್ಲಿ ಚಾಟ್‌ಜಿಪಿಟಿಗೆ ಬೀಗ ಹಾಕಿದವು. ಅದೇ ವರ್ಷ ಮೇ ತಿಂಗಳಲ್ಲಿ ಬೀಗ ತೆಗೆದವು. ಶಾಲೆಯ ಕಂಪ್ಯೂಟರಿಗೆ ಬೀಗ ಹಾಕಿದರೆ ಮನೆಯ ಫೋನಿಗೆ ಬೀಳುತ್ತದಾ? ಫೋನು, ಇಂಟರ್‌ನೆಟ್ಟು ಇರುವ ಮನೆಯ ಮಗು ಹೇಗೂ ಬಳಸುತ್ತದೆ. ಇಲ್ಲದ ಮನೆಯ ಮಗುವಿಗೆ ಅದನ್ನು ಸರಿಯಾಗಿ ಕಲಿಯುವ ಜಾಗ ಇರುವುದು ಸರ್ಕಾರಿ ಶಾಲೆ ಒಂದೇ. ಅಲ್ಲೂ ಬಾಗಿಲು ಮುಚ್ಚಿದರೆ ಆ ಮಗು ಎಲ್ಲಿಗೆ ಹೋಗಬೇಕು?

ಹಾಗಂತ, ಎಲ್ಲರ ಕೈಗೂ ಸುಮ್ನೆ ಕೊಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ಅದಕ್ಕೂ ನಾನು ಕಣ್ಣಾರೆ ಕಂಡ ಕಾರಣ ಇದೆ.

ಇದೇ ಹುಡುಗಿಯ ತಮ್ಮ ಆರನೇ ಕ್ಲಾಸು. ಭಿನ್ನರಾಶಿ ಲೆಕ್ಕ ಮಾಡುತ್ತಾ ಕೂತಿದ್ದ. ಮುಕ್ಕಾಲನ್ನು ಅರ್ಧದಿಂದ ಭಾಗಿಸಬೇಕು. ಫೋನಿನಲ್ಲಿ ಲೆಕ್ಕದ ಫೋಟೋ ತೆಗೆದ. ಎರಡು ಸೆಕೆಂಡಿನಲ್ಲಿ ಉತ್ತರ ಬಂತು, ಒಂದೂವರೆ. ಹಂತ ಹಂತವಾಗಿ ವಿವರಣೆಯೂ ಬಂತು. ಎರಡನೇ ಭಿನ್ನರಾಶಿಯನ್ನು ತಿರುಗಿಸಿ ಗುಣಿಸಿ ಅಂತ ಇತ್ತು. ಅಂದವಾಗಿ ನೋಟ್‌ಬುಕ್ಕಿಗೆ ಇಳಿಸಿದ. ಒಂದಕ್ಷರ ತಪ್ಪಿಲ್ಲ.

"ಯಾಕೋ ತಿರುಗಿಸಿದೆ?" ಅಂದೆ.

"ಅದೇ ಹೇಳ್ತಲ್ಲ" ಅಂದ.

"ಮುಕ್ಕಾಲು ಚಿಕ್ಕದು. ಅದನ್ನ ಭಾಗ ಮಾಡಿದರೆ ಒಂದಕ್ಕಿಂತ ಜಾಸ್ತಿ ಹೇಗೆ ಬಂತು?"

ಮಾತಿಲ್ಲ. ಫೋನು ನೋಡಿದ, ನನ್ನನ್ನು ನೋಡಿದ.

ಒಂದು ಹಾಳೆ ತಗೊಂಡು ನಾಲ್ಕು ಮಡಿಕೆ ಮಾಡಿದೆವು. ಒಂದು ಕಾಲು ಹರಿದು ಪಕ್ಕಕ್ಕಿಟ್ಟೆವು. ಉಳಿದದ್ದು ಮುಕ್ಕಾಲು. ಇದರೊಳಗೆ ಎಷ್ಟು ಅರ್ಧ ಇದೆ ಎಣಿಸು ಅಂದೆ. ಎರಡು ಮಡಿಕೆ ಸೇರಿಸಿ ಬೆರಳಿಟ್ಟು, "ಇದೊಂದು ಅರ್ಧ" ಅಂದ. ಒಂದು ಮಡಿಕೆ ಉಳಿಯಿತು. ಅದನ್ನೇ ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ತಟ್ಟನೆ, "ಇದು ಅರ್ಧದಲ್ಲಿ ಅರ್ಧ! ಒಂದೂವರೆ ಅರ್ಧ ಇದೆ!" ಅಂತ ಕೂಗಿದ. ಹತ್ತು ನಿಮಿಷ ಹಿಡಿಯಿತು. ಉತ್ತರ ಫೋನು ಹೇಳಿದ್ದೇ. ಆದರೆ ಈಗ ಅದು ಅವನದ್ದಾಗಿತ್ತು.

ಇದನ್ನು ದೊಡ್ಡ ಮಟ್ಟದಲ್ಲಿ ಅಳೆದು ನೋಡಿದವರಿದ್ದಾರೆ. ಟರ್ಕಿಯ ಒಂದು ಹೈಸ್ಕೂಲಿನಲ್ಲಿ ಸುಮಾರು ಸಾವಿರ ಮಕ್ಕಳ ಜೊತೆ ಗಣಿತದಲ್ಲಿ ಈ ಪ್ರಯೋಗ ನಡೆಯಿತು. ಒಂದು ಗುಂಪಿಗೆ ಮಾಮೂಲಿ ಚಾಟ್‌ಜಿಪಿಟಿಯಂಥದ್ದನ್ನು ಕೊಟ್ಟರು. ಅಭ್ಯಾಸದ ಹೊತ್ತಿನಲ್ಲಿ ಆ ಮಕ್ಕಳ ಅಂಕ ಶೇ 48ರಷ್ಟು ಏರಿತು. ಪರೀಕ್ಷೆಯಲ್ಲಿ ಅದನ್ನು ಕಿತ್ತುಕೊಂಡಾಗ, ಎಐ ಮುಟ್ಟದೇ ಇದ್ದ ಮಕ್ಕಳಿಗಿಂತ ಶೇ 17ರಷ್ಟು ಕಮ್ಮಿ ಬಂತು. ಇನ್ನೊಂದು ಗುಂಪಿಗೆ, ಟೀಚರ್‌ಗಳ ಸಲಹೆ ಪಡೆದು ರೂಪಿಸಿದ, ಉತ್ತರ ಹೇಳದೆ ಬರೀ ಸುಳಿವು ಕೊಡುವ ಎಐ ಕೊಟ್ಟರು. ಆ ಮಕ್ಕಳಿಗೆ ಪರೀಕ್ಷೆಯಲ್ಲಿ ಅಂಥ ಪೆಟ್ಟು ಬೀಳಲಿಲ್ಲ. ಈ ವ್ಯತ್ಯಾಸ ಮಾಡಿದ್ದು ಮಕ್ಕಳಲ್ಲ. ಯಾವುದನ್ನು, ಹೇಗೆ ಕೊಡಬೇಕು ಅಂತ ತೀರ್ಮಾನ ಮಾಡಿದ ದೊಡ್ಡವರು.

ಅದಕ್ಕೇ, ಇಡೀ ಶಾಲೆಗೆ ಒಂದೇ ಸಾಲಿನ ನಿಯಮ ಸಾಲದು. ನಿಯಮ ಹೋಂವರ್ಕಿಗೆ ಹೋಂವರ್ಕಿಗೆ ಬೇರೆ ಇರಬೇಕು. ಬೋರ್ಡಿನ ಮೇಲೆ ಹೋಂವರ್ಕ್ ಬರೆಯುವಾಗಲೇ ಕೆಳಗೆ ಒಂದು ಸಾಲು ಬರಲಿ. ಇವತ್ತಿನ ಲೆಕ್ಕಕ್ಕೆ ಎಐ ಬೇಡ. ನಾಳೆಯ ವಿಜ್ಞಾನ ಪಾಠಕ್ಕೆ, ಅರ್ಥ ಆಗದ್ದನ್ನು ಕೇಳಿ ತಿಳಿದುಕೊಳ್ಳಬಹುದು, ಬರೆಯುವುದು ಮಾತ್ರ ನೀವೇ. ಶನಿವಾರದ ಪ್ರಾಜೆಕ್ಟಿಗೆ ಬಳಸಿ, ಏನು ಕೇಳಿದಿರಿ, ಅದು ಏನು ಹೇಳಿತು ಅಂತ ಕೊನೆಯಲ್ಲಿ ಬರೆಯಿರಿ. ಇಷ್ಟು ಸ್ಪಷ್ಟವಾಗಿ ಹೇಳಿದರೆ ಮಗುವಿಗೆ ಹೆದರಿಕೆ ಇಲ್ಲ, ಟೀಚರಿಗೂ ಗೊಂದಲ ಇಲ್ಲ. ಇದೇ ನಿಯಮ ಟೀಚರಿಗೂ ಇರಲಿ. ಪ್ರಶ್ನೆಪತ್ರಿಕೆಯನ್ನು ಎಐ ಕೈಯಲ್ಲಿ ಮಾಡಿಸಿದರೆ ಮಕ್ಕಳಿಗೆ ಹೇಳಲಿ.

2023ರಲ್ಲಿ ವಿಶ್ವಸಂಸ್ಥೆಯ ಶಿಕ್ಷಣ, ವಿಜ್ಞಾನ, ಸಂಸ್ಕೃತಿ ಸಂಸ್ಥೆ ಯುನೆಸ್ಕೋ 450ಕ್ಕೂ ಹೆಚ್ಚು ಶಾಲೆ ಮತ್ತು ವಿಶ್ವವಿದ್ಯಾಲಯಗಳನ್ನು ಕೇಳಿದಾಗ, ಎಐ ಬಗ್ಗೆ ಸ್ವಂತ ನಿಯಮವೋ ಮಾರ್ಗಸೂಚಿಯೋ ಇದ್ದದ್ದು ಶೇ 10ಕ್ಕಿಂತ ಕಮ್ಮಿ ಕಡೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಯುನೆಸ್ಕೋ ಒಂದು ಮಾರ್ಗದರ್ಶಿ ತಂದಿತು. ತರಗತಿಯಲ್ಲಿ ಇಂಥ ಸಾಧನ ಬಳಸಲು ಕನಿಷ್ಠ 13 ವರ್ಷ ಆಗಿರಬೇಕು ಅಂತ ಅದರಲ್ಲಿ ಇದೆ. ನನಗೂ ಅದು ಸರಿ ಅನಿಸುತ್ತದೆ.

ಆದರೆ ಬಳಸಲು ವಯಸ್ಸಾಗಬೇಕು ಅಂದರೆ ತಿಳಿದುಕೊಳ್ಳಲೂ ವಯಸ್ಸಾಗಬೇಕು ಅಂತಲ್ಲ. ಎಐ ಹೇಗೆ ಕೆಲಸ ಮಾಡುತ್ತದೆ ಅಂತ ಕಲಿಸಲು ಕಂಪ್ಯೂಟರೇ ಬೇಕಿಲ್ಲ. ಐದನೇ ಕ್ಲಾಸಿಗೆ ಹೋಗಿ, "ಆಕಾಶದ ತುಂಬಾ ಕಪ್ಪು ಮೋಡ ಕವಿದಿದೆ, ಇನ್ನೇನು..." ಅಂತ ಅರ್ಧಕ್ಕೆ ನಿಲ್ಲಿಸಿ. ಇಡೀ ಕ್ಲಾಸು "ಮಳೆ!" ಅಂತ ಕೂಗುತ್ತದೆ. ಯಾಕೆ ಹಾಗೆ ಅಂದಿರಿ ಅಂತ ಕೇಳಿ. ಎಷ್ಟೋ ಸಲ ಹಾಗೇ ಕೇಳಿದ್ದೇವೆ, ಅದಕ್ಕೆ ಅನ್ನುತ್ತಾರೆ. ಎಐ ಮಾಡುವುದೂ ಇದನ್ನೇ, ಕೋಟ್ಯಂತರ ಪುಟ ಓದಿ ಮುಂದಿನ ಪದ ಊಹಿಸುತ್ತದೆ ಅಂತ ಹೇಳಿ. ಆಮೇಲೆ, "ನನ್ನ ಜೇಬಿನಲ್ಲಿ ಈಗ ಇರುವುದು..." ಅಂತ ನಿಲ್ಲಿಸಿ. ಒಬ್ಬ ಪೆನ್ನು ಅನ್ನುತ್ತಾನೆ, ಒಬ್ಬಳು ಕರ್ಚೀಫು ಅನ್ನುತ್ತಾಳೆ. ಜೇಬು ಖಾಲಿ ಇರುತ್ತದೆ. ಎಲ್ಲರೂ ಧೈರ್ಯವಾಗಿ ಹೇಳಿದರು, ಯಾರಿಗೂ ಗೊತ್ತಿರಲಿಲ್ಲ. ಇಲ್ಲದ ಪುಸ್ತಕದ ಹೆಸರನ್ನು, ನಡೆಯದ ಘಟನೆಯ ಇಸವಿಯನ್ನು ಎಐ ಅಷ್ಟು ಧೈರ್ಯವಾಗಿ ಹೇಳುವುದು ಯಾಕೆ ಅಂತ ಆ ಮಕ್ಕಳಿಗೆ ಅವತ್ತೇ ಅರ್ಥ ಆಗುತ್ತದೆ. ಯಾವ ಸಾಫ್ಟ್‌ವೇರನ್ನೂ ಕೊಳ್ಳದೆ ನಾಳೆಯೇ ಮಾಡಬಹುದಾದ ಪಾಠ ಇದು.

ಇನ್ನು ಮಕ್ಕಳ ಮಾಹಿತಿ. 2019ರಲ್ಲಿ ಸ್ವೀಡನ್ನಿನ ಶೆಲೆಫ್ಟಿಯೋ ಊರಿನ ಒಂದು ಹೈಸ್ಕೂಲಿನ ಪ್ರಕರಣ ದೊಡ್ಡ ಸುದ್ದಿಯಾಯಿತು. ಅಲ್ಲಿ 22 ವಿದ್ಯಾರ್ಥಿಗಳ ಮುಖ ಗುರುತಿಸಿ ಹಾಜರಿ ಹಾಕುವ ಪ್ರಯೋಗ ಕೆಲವು ವಾರ ನಡೆದಿತ್ತು. ಒಪ್ಪಿಗೆ ಪಡೆದೇ ಮಾಡಿದ್ದೇವೆ ಅಂತ ಶಾಲೆಯ ವಾದ. ದೇಶದ ಮಾಹಿತಿ ರಕ್ಷಣಾ ಪ್ರಾಧಿಕಾರ ಒಪ್ಪಲಿಲ್ಲ. ಶಾಲೆ ಕೇಳಿದಾಗ ಬೇಡ ಅನ್ನುವ ಶಕ್ತಿ ವಿದ್ಯಾರ್ಥಿಗೆ ಇರುವುದಿಲ್ಲ, ಅಂಥ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಅಂತ ಹೇಳಿ ಅಲ್ಲಿನ ಹಣದಲ್ಲಿ 2 ಲಕ್ಷ ಕ್ರೋನಾ ದಂಡ ಹಾಕಿತು. ಈ ಮಾತನ್ನು ಪ್ರತಿ ಶಿಕ್ಷಣ ಇಲಾಖೆಯೂ ಗೋಡೆಗೆ ಅಂಟಿಸಿಕೊಳ್ಳಬೇಕು. ಶಾಲೆಯಿಂದ ಬಂದ ಕಾಗದಕ್ಕೆ ನಾವು ಅಪ್ಪ ಅಮ್ಮಂದಿರು ಓದಿ ಸಹಿ ಹಾಕುತ್ತೇವಾ, ಮಗುವಿಗೆ ತೊಂದರೆ ಆಗದಿರಲಿ ಅಂತ ಹಾಕುತ್ತೇವಾ? ಯುರೋಪ್ ಒಕ್ಕೂಟ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಮಕ್ಕಳ ಮುಖ ನೋಡಿ ಬೇಸರವೋ ಗಮನವೋ ಅಂತ ಅಳೆಯುವ ಎಐಯನ್ನು ಶಾಲೆಗಳಲ್ಲಿ 2025ರ ಫೆಬ್ರವರಿ 2ರಿಂದ ನಿಷೇಧಿಸಿದೆ. ಚಿಕಿತ್ಸೆ ಮತ್ತು ಸುರಕ್ಷತೆಯ ಕಾರಣಕ್ಕೆ ಮಾತ್ರ ವಿನಾಯಿತಿ. ಕ್ಲಾಸಿನಲ್ಲಿ ಮಗುವಿಗೆ ಬೇಸರ ಆಗಿದೆಯಾ ಅಂತ ತಿಳಿಯಲು ಕ್ಯಾಮೆರಾ ಬೇಕಾ? ಟೀಚರ್ ತಲೆ ಎತ್ತಿ ನೋಡಿದರೆ ಸಾಕು.

ಅಂಕ ಕೊಡುವ ಕೆಲಸ ಮಾತ್ರ ಯಂತ್ರಕ್ಕೆ ಬಿಡಲೇಬಾರದು. 2020ರಲ್ಲಿ ಕೊರೊನಾದಿಂದ ಪರೀಕ್ಷೆ ನಡೆಯದಿದ್ದಾಗ ಇಂಗ್ಲೆಂಡಿನಲ್ಲಿ ವಿಶ್ವವಿದ್ಯಾಲಯ ಸೇರಲು ಬೇಕಾದ ಎ-ಲೆವೆಲ್ ಪರೀಕ್ಷೆಯ ಗ್ರೇಡನ್ನು ಒಂದು ಲೆಕ್ಕದ ಸೂತ್ರ ತೀರ್ಮಾನಿಸಿತು. ಅದು ಈಗಿನ ಎಐ ಅಲ್ಲ, ಆದರೆ ಪಾಠ ಅದೇ. ಟೀಚರ್‌ಗಳು ಅಂದಾಜಿಸಿದ್ದ ಗ್ರೇಡುಗಳಲ್ಲಿ ಹತ್ತಿರ ಹತ್ತಿರ ಶೇ 40ರಷ್ಟು ಕೆಳಗಿಳಿದವು. ಶಾಲೆಯ ಹಿಂದಿನ ವರ್ಷಗಳ ಫಲಿತಾಂಶ ನೋಡಿ ಈ ವರ್ಷದ ಮಗುವನ್ನು ಅಳೆದಿದ್ದರು. ಮಕ್ಕಳು ಬೀದಿಗಿಳಿದರು. ಆಗಸ್ಟ್ 13ಕ್ಕೆ ಬಂದ ಫಲಿತಾಂಶವನ್ನು ಆಗಸ್ಟ್ 17ಕ್ಕೆ ಸರ್ಕಾರ ಕೈಬಿಟ್ಟಿತು. ಒಂದು ಮಗು "ನನಗೆ ಯಾಕೆ ಈ ಅಂಕ?" ಅಂತ ಕೇಳಿದರೆ ಉತ್ತರ ಹೇಳಲು ಒಬ್ಬ ಮನುಷ್ಯ ಇರಬೇಕು.

ಇದೆಲ್ಲಕ್ಕೂ ಟೀಚರಿಗೆ ಹೊತ್ತು ಬೇಕು. ಐದು ನಿಮಿಷ ಮಾತಾಡಿಸಿ ಅಂದೆ. ಆ ಐದು ನಿಮಿಷವನ್ನು ನಲವತ್ತು ಮಕ್ಕಳಿಗೆ ಎಲ್ಲಿಂದ ತರುತ್ತಾರೆ? ಸಾಧನ ತಂದ ಮಾತ್ರಕ್ಕೆ ಕೆಲಸ ಆಗುವುದಿಲ್ಲ. ದಕ್ಷಿಣ ಕೊರಿಯಾ 2025ರ ಮಾರ್ಚಿನಲ್ಲಿ ಎಐ ಪಠ್ಯಪುಸ್ತಕಗಳನ್ನು ಶಾಲೆಗೆ ತಂದು, ಆಗಸ್ಟಿನಲ್ಲೇ ಅವುಗಳ ಪಠ್ಯಪುಸ್ತಕದ ಸ್ಥಾನವನ್ನು ವಾಪಸ್ ಪಡೆಯಿತು. ಸಾಧನಕ್ಕೆ ಹಣ ಇಡುವ ಮೊದಲು ಟೀಚರ ತರಬೇತಿಗೆ, ಅದೂ ರಜೆಯಲ್ಲಲ್ಲ, ಕೆಲಸದ ಅವಧಿಯಲ್ಲೇ ನಡೆಯುವ ತರಬೇತಿಗೆ ಹಣ ಇಡಿ.

ಮುಂದಿನ ಸಲ ಪೋಷಕರ ಸಭೆಗೆ ಹೋದಾಗ ದಯವಿಟ್ಟು ಕೇಳಿ. ನಮ್ಮ ಮಗುವಿನ ಬರಹವನ್ನು ಯಾವ ಸಾಫ್ಟ್‌ವೇರಿಗೆ ಹಾಕುತ್ತೀರಿ? ಅದು ತಪ್ಪು ಹೇಳಿದರೆ ಮಗು ಯಾರ ಹತ್ತಿರ ಹೋಗಬೇಕು? ನಾವು ಅವತ್ತು ನೋಟ್‌ಬುಕ್ ಹಿಡಿದು ಹೋದಾಗ ಎರಡನೇ ಪ್ರಶ್ನೆಗೆ ಯಾರ ಬಳಿಯೂ ಉತ್ತರ ಇರಲಿಲ್ಲ.

ಅವಳ ಅಂಕ ಒಂದು ತಿಂಗಳಾದ ಮೇಲೆ ವಾಪಸ್ ಬಂತು. ಕ್ಲಾಸಿನ ಎದುರು ನಿಲ್ಲಿಸಿದ್ದಕ್ಕೆ ಯಾರೂ ಏನೂ ಹೇಳಲಿಲ್ಲ. ಈಗ ಅವಳು ಹತ್ತನೇ ಕ್ಲಾಸು. ಪ್ರತಿ ರಫ್ ಪುಟದ ಮೇಲೂ ತಾರೀಖು, ಹೊತ್ತು ಬರೆದಿಡುತ್ತಾಳೆ. ಪೆನ್ಸಿಲ್ ಹಿಡಿಯುವುದಿಲ್ಲ, ಪೆನ್ನೇ. ಪೆನ್ಸಿಲಾದರೆ ಅಳಿಸಿಬಿಡುತ್ತೇನೆ ಚಿಕ್ಕಪ್ಪ, ಆಮೇಲೆ ತೋರಿಸಲು ಏನೂ ಇರುವುದಿಲ್ಲ ಅನ್ನುತ್ತಾಳೆ.