ಅಕ್ವೇರಿಯಂ ಕಾರ್ಬನ್: ಯಾವಾಗ ಬದಲಿಸಬೇಕು, ಯಾವಾಗ ಹೊರಗೆ ತೆಗೆಯಬೇಕು

[ದೃಶ್ಯ: ಬಿಳಿ ತಟ್ಟೆಯ ಮೇಲೆ ಎರಡು ಗಾಜಿನ ಲೋಟ]

ನಮಸ್ಕಾರ, ಕಾರವಾರದಿಂದ ಮಾತಾಡುತ್ತಿದ್ದೇನೆ. ಎಡಗಡೆ ಬಾವಿ ನೀರು, ಬಲಗಡೆ ಟ್ಯಾಂಕಿನ ನೀರು. ಪಕ್ಕದಿಂದ ನೋಡಿದರೆ ಎರಡೂ ಒಂದೇ ಥರ. ಮೇಲಿನಿಂದ ನೋಡಿ, ಬಲಗಡೆಯದು ತೆಳು ಹಳದಿ ಇದೆ ಅಲ್ವಾ? ಮೀನಿನ ಹೇಲು, ಉಳಿದ ಆಹಾರ, ಕೊಳೆತ ಎಲೆ, ಒಳಗಿಟ್ಟ ಮರದ ತುಂಡು, ಎಲ್ಲ ಸೇರಿ ಬಿಟ್ಟ ಬಣ್ಣ ಅದು. ಈ ಬಣ್ಣ ಮತ್ತು ವಾಸನೆ ಹಿಡಿಯುವುದೇ ಆಕ್ಟಿವೇಟೆಡ್ ಕಾರ್ಬನ್, ಅಂದರೆ ಫಿಲ್ಟರಿಗೆ ಹಾಕುವ ವಿಶೇಷ ಇದ್ದಿಲಿನ ಕೆಲಸ.

ಕರಟ ಸುಟ್ಟ ಇದ್ದಿಲನ್ನೇ ಹಾಕಿದರೆ ಆಗೋದಿಲ್ವಾ ಎಂದು ನಮ್ಮ ಕಡೆ ಕೇಳುವವರು ಜಾಸ್ತಿ. ಬಚ್ಚಲೊಲೆಗೆ ಕರಟ ಹಾಕುವ ಊರು ನಮ್ಮದು, ಕೇಳುವುದು ಸಹಜ. ಅಂಗಡಿಯ ಕಾರ್ಬನ್ ಕೂಡ ಎಷ್ಟೋ ಸಲ ಕರಟದ್ದೇ. ಆದರೆ ಇದ್ದಿಲಾದ ಮೇಲೆ ಅದಕ್ಕೆ 800ರಿಂದ 1,000 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಹಬೆ ಹಾಯಿಸುತ್ತಾರೆ. ಆಗ ಒಳಗೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಾಗುತ್ತವೆ. ಒಂದೇ ಒಂದು ಗ್ರಾಂ ಕಾರ್ಬನ್ನಿನ ಒಳಮೈ ಲೆಕ್ಕ ಹಾಕಿದರೆ 500 ಚದರ ಮೀಟರಿಗೂ ಜಾಸ್ತಿ ಬರುತ್ತದೆ. ಕೊಳೆ ಹೋಗಿ ಅಂಟುವುದು ಅಲ್ಲಿ. ಒಲೆಯ ಇದ್ದಿಲಿಗೆ ಅಷ್ಟು ಒಳಮೈ ಇಲ್ಲ. ಮೇಲಿಂದ ಅದರ ಬೂದಿ ನೀರಿನ ಪಿಎಚ್ ಏರಿಸುತ್ತದೆ, ಅಂದರೆ ನೀರನ್ನು ಕ್ಷಾರವಾಗಿಸುತ್ತದೆ. ದಯವಿಟ್ಟು ಹಾಕಬೇಡಿ.

[ದೃಶ್ಯ: ಬಕೆಟ್ಟಿನಲ್ಲಿ ಕಾರ್ಬನ್ ಚೀಲ, ಹತ್ತಿರದಿಂದ]

ಹೊಸ ಕಾರ್ಬನ್ನನ್ನು ಬಲೆ ಚೀಲಕ್ಕೆ ತುಂಬಿ ತೊಳೆಯಿರಿ. ಮೊದಲು ಕಪ್ಪು ನೀರು, ಆಮೇಲೆ ಬೂದು, ಆಮೇಲೆ ತಿಳಿ. ಕಿವಿ ಹತ್ತಿರ ತಂದರೆ ಚರಚರ ಸದ್ದು ಕೇಳುತ್ತದೆ. ತೂತಿನೊಳಗಿನ ಗಾಳಿ ಹೊರಗೆ ಬರುತ್ತಿದೆ. ಗುಳ್ಳೆ ನಿಲ್ಲುವವರೆಗೆ ನೆನೆಸಿಡಿ, ಇಲ್ಲದಿದ್ದರೆ ಚೀಲ ತೇಲುತ್ತದೆ. ಫಿಲ್ಟರಿನಲ್ಲಿ ಇದರ ಜಾಗ ಸ್ಪಂಜಿನ ನಂತರ. ಸ್ಪಂಜಿಗಿಂತ ಮೊದಲು ಇಟ್ಟರೆ ಕಸ ಮೆತ್ತಿಕೊಂಡು ಬೇಗ ಕಟ್ಟಿಕೊಳ್ಳುತ್ತದೆ.

ಈಗ ಬದಲಿಸುವ ವಿಷಯ. ಕಾರ್ಬನ್ ತುಂಬಿದ್ದು ನೋಡಿದರೆ ಗೊತ್ತಾಗುವುದಿಲ್ಲ. ಹೊಸದೂ ಕಪ್ಪು, ಹಳೆಯದೂ ಕಪ್ಪು. ಅದಕ್ಕೇ ಕ್ಯಾಲೆಂಡರ್ ಮೇಲೆ ಗುರುತು ಹಾಕಿ. ಮೂರರಿಂದ ನಾಲ್ಕು ವಾರಕ್ಕೆ ಬದಲಿಸಿ. ಮೀನು ಜಾಸ್ತಿ ಇದ್ದರೆ ಇನ್ನೂ ಬೇಗ. ನಡುವೆ ಲೋಟದ ನೀರು ಹಳದಿ ಕಂಡರೆ ದಿನ ಎಣಿಸುತ್ತಾ ಕೂರಬೇಡಿ. ತೊಳೆದು, ಕುದಿಸಿ, ಬಿಸಿಲಿಗೆ ಒಣಗಿಸಿ ಮತ್ತೆ ಹಾಕುವವರಿದ್ದಾರೆ. ಮೇಲಿನ ಕೆಸರು ಹೋಗುತ್ತದೆ, ಅಷ್ಟೇ. ಒಳಗೆ ಅಂಟಿದ್ದನ್ನು ಬಿಡಿಸಲು ಕಾರ್ಖಾನೆಯ ಕುಲುಮೆಯೇ ಬೇಕು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ನೀರು ತಿಳಿ ಇದೆ ಎಂದರೆ ಮೀನಿಗೆ ಸುರಕ್ಷಿತ ಎಂದಲ್ಲ. ಮೀನಿನ ಹೇಲು, ಉಳಿದ ಆಹಾರದಿಂದ ನೀರಿಗೆ ಸೇರುವ ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಯಾವುದನ್ನೂ ಕಾರ್ಬನ್ ಹಿಡಿಯುವುದಿಲ್ಲ. ಅಮೋನಿಯಾ ಕಳೆಯುವುದು ಸ್ಪಂಜು, ಸೆರಾಮಿಕ್ ರಿಂಗ್ ಮೇಲೆ ಬೆಳೆದ ಬ್ಯಾಕ್ಟೀರಿಯಾ. ಹಳೆಯ ಕಾರ್ಬನ್ ಮೇಲೂ ಅವು ಕೂತಿರುತ್ತವೆ. ಹಾಗಾಗಿ ಕಾರ್ಬನ್ ಬದಲಿಸಿದ ದಿನವೇ ಸ್ಪಂಜು ತೊಳೆಯಬೇಡಿ. ಇನ್ನೊಂದು ವಾರ ಬಿಟ್ಟು, ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ. ಕಾರ್ಬನ್ ಕಾರ್ಟ್ರಿಜ್ ಬಿಟ್ಟರೆ ಬೇರೇನೂ ಇಲ್ಲದ ಸಣ್ಣ ಫಿಲ್ಟರ್ ನಿಮ್ಮದಾದರೆ, ಇವತ್ತೇ ಒಂದು ತುಂಡು ಸ್ಪಂಜು ಸೇರಿಸಿ.

ಉಪ್ಪನ್ನೂ ಇದು ತೆಗೆಯುವುದಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಸಮುದ್ರದ ಹತ್ತಿರದ ಬಾವಿ ನೀರು ಸಪ್ಪೆಯಿಂದ ಉಪ್ಪಿಗೆ ತಿರುಗಿದರೆ ಬೇರೆ ನೀರೇ ಬೇಕು. ಶಿರಸಿ ಕಡೆಯವರಿಗೆ ಇನ್ನೊಂದು: ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣ ಕಲಸಿದ ಕೈ ಟ್ಯಾಂಕಿಗೆ ಹಾಕಬೇಡಿ. ಅದರಲ್ಲಿರುವುದು ಮೈಲುತುತ್ತ, ಅಂದರೆ ತಾಮ್ರ. ಸೀಗಡಿ, ಬಸವನಹುಳಕ್ಕೆ ಅದು ವಿಷ. ಕಾರ್ಬನ್ ಇದೆಯಲ್ಲ ಎಂದು ನಂಬಿ ಕೂರುವ ಹಾಗಿಲ್ಲ.

[ದೃಶ್ಯ: ಬೆಟ್ಟಾ ಟ್ಯಾಂಕು, ಒಳಗೆ ಒಣ ಬಾದಾಮಿ ಎಲೆ]

ಕೆಲವು ಸಲ ಕಾರ್ಬನ್ ಇರಲೇಬಾರದು. ಬೆಟ್ಟಾ ಮೀನಿಗೆಂದು ಕಾಡುಬಾದಾಮಿ ಎಲೆ ಹಾಕುತ್ತೀರಿ. ಎಲೆ ಬಿಡುವ ಟ್ಯಾನಿನ್ ಎಂಬ ಕಂದು ಸತ್ವ ನಿಮಗೆ ಬೇಕು, ಆದರೆ ಕಾರ್ಬನ್ ಅದನ್ನೇ ಎಳೆದುಕೊಳ್ಳುತ್ತದೆ. ಎರಡರಲ್ಲಿ ಒಂದನ್ನು ಆರಿಸಿ.

ಔಷಧಿಗೂ ಅದೇ ಕತೆ. ಮೆಥಿಲೀನ್ ಬ್ಲೂ ಹಾಕುವ ಮೊದಲು ಕಾರ್ಬನ್ ಚೀಲ ಹೊರಗೆ ತೆಗೆಯಿರಿ. ಇಲ್ಲದಿದ್ದರೆ ಔಷಧಿ ಮೀನಿಗಿಂತ ಮೊದಲು ಕಾರ್ಬನ್ ಪಾಲಾಗುತ್ತದೆ. ಹೇಳಿದಷ್ಟು ದಿನ ಔಷಧಿ ಮುಗಿಸಿ, ಸ್ವಲ್ಪ ನೀರು ಬದಲಿಸಿ, ಹೊಸ ಕಾರ್ಬನ್ ಹಾಕಿ. ಉಳಿದ ನೀಲಿಯನ್ನು ಅದು ಎಳೆದುಕೊಳ್ಳುತ್ತದೆ. ನೀರು ತಿಳಿಯಾದ ಮೇಲೆ ಆ ಚೀಲವನ್ನೂ ಎಸೆದುಬಿಡಿ, ನಾಲ್ಕು ವಾರ ಕಾಯಬೇಡಿ.