ಮಗು ಚೇತರಿಸಿಕೊಂಡಂತೆ ಕಂಡಾಗಲೇ ನಮ್ಮ ಕೆಲಸ ಜಾಸ್ತಿ

ಎಲ್ಲರಿಗೂ ನಮಸ್ಕಾರ.

ಬ್ಲಡ್ ಕ್ಯಾನ್ಸರ್ ಬಂದ ಮಕ್ಕಳಿಗಾಗಿ ಕೆಲಸ ಮಾಡುವ ಈ ಪ್ರತಿಷ್ಠಾನಕ್ಕೆ ನೀವು ಹೊಸದಾಗಿ ಬಂದಿದ್ದೀರಿ. ಇಂಥ ಪ್ರತಿಷ್ಠಾನ ಅಂದರೆ ಔಷಧಿಯ ಬಿಲ್ಲು ಕಟ್ಟುವವರು ಅಂತ ಜನ ತಿಳಿದಿದ್ದಾರೆ. ಬಿಲ್ಲು ಕಟ್ಟಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನನ್ನ ಪ್ರಕಾರ ನಮ್ಮ ಮೊದಲ ಕೆಲಸ ಬೇರೆ. ಶುರುವಾದ ಚಿಕಿತ್ಸೆ ಅರ್ಧಕ್ಕೆ ನಿಲ್ಲದ ಹಾಗೆ ನೋಡಿಕೊಳ್ಳುವುದು.

ಮೊದಲು ಕಾಯಿಲೆಯ ಬಗ್ಗೆ ನಾಲ್ಕು ಮಾತು. ಮಕ್ಕಳಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣುವ ಕ್ಯಾನ್ಸರ್ ಅಂದರೆ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ. ವಾರ್ಡಿನಲ್ಲಿ ಎಲ್ಲರೂ ಎ.ಎಲ್.ಎಲ್. ಅನ್ನುತ್ತಾರೆ. ಮೂಳೆಯೊಳಗಿನ ಮಜ್ಜೆಯಲ್ಲಿ ಸರಿಯಾಗಿ ಬಲಿಯದ ಬಿಳಿ ರಕ್ತಕಣಗಳು ತುಂಬಿಕೊಳ್ಳುತ್ತವೆ. ಒಳ್ಳೆಯ ಕಣಗಳು ಹುಟ್ಟಲು ಜಾಗವೇ ಇರುವುದಿಲ್ಲ. ಮಗು ಬಿಳಿಚಿಕೊಳ್ಳುತ್ತದೆ, ಮೈಮೇಲೆ ನೀಲಿ ಕಲೆ ಬೀಳುತ್ತವೆ, ಜ್ವರ ಬಿಟ್ಟು ಬಿಟ್ಟು ಬರುತ್ತದೆ, ಕಾಲು ನೋವು ಅಂತ ಅಳುತ್ತದೆ. ಇದು ಅಂಟುವ ಕಾಯಿಲೆ ಅಲ್ಲ. ಅಪ್ಪ ಅಮ್ಮ ಏನೋ ತಪ್ಪು ಮಾಡಿದ್ದಕ್ಕೆ ಬಂದದ್ದೂ ಅಲ್ಲ. ಈ ಎರಡು ಮಾತನ್ನು ಮೊದಲ ಭೇಟಿಯಲ್ಲೇ ಬಾಯಿಬಿಟ್ಟು ಹೇಳಿ. ಎಷ್ಟೋ ತಾಯಂದಿರು ತಮ್ಮನ್ನೇ ದೂರಿಕೊಳ್ಳುತ್ತಾ ಕೂತಿರುತ್ತಾರೆ.

1948ರವರೆಗೆ ಈ ಕಾಯಿಲೆಗೆ ಮದ್ದೇ ಇರಲಿಲ್ಲ. ಆ ವರ್ಷ ಬೋಸ್ಟನ್‌ನ ವೈದ್ಯ ಸಿಡ್ನಿ ಫಾರ್ಬರ್ ಅಮಿನಾಪ್ಟೆರಿನ್ ಎಂಬ ಔಷಧಿ ಕೊಟ್ಟ 16 ಮಕ್ಕಳ ವಿವರ ಪ್ರಕಟಿಸಿದರು. 10 ಮಕ್ಕಳು ಸುಧಾರಿಸಿದ್ದರು. ಆದರೆ ಸ್ವಲ್ಪ ಕಾಲ ಮಾತ್ರ, ಆಮೇಲೆ ಕಾಯಿಲೆ ಮರಳಿ ಬಂತು. ಅದೇ ವರ್ಷದ ಮೇ ತಿಂಗಳಲ್ಲಿ ಫಾರ್ಬರ್ ನೋಡಿಕೊಳ್ಳುತ್ತಿದ್ದ, ಲಿಂಫೋಮಾ ಎಂಬ ಇನ್ನೊಂದು ಬಗೆಯ ಕ್ಯಾನ್ಸರ್ ಇದ್ದ ಒಬ್ಬ ಹುಡುಗನ ಮಾತು ರೇಡಿಯೋದಲ್ಲಿ ಬಿತ್ತರವಾಯಿತು. ಜನ ಎರಡು ಲಕ್ಷ ಡಾಲರ್‌ಗೂ ಮೀರಿ ಹಣ ಕೊಟ್ಟರು. ಜಿಮ್ಮಿ ಫಂಡ್ ಹುಟ್ಟಿದ್ದು ಹಾಗೆ. ಜಿಮ್ಮಿ ಆ ಹುಡುಗನ ನಿಜವಾದ ಹೆಸರಲ್ಲ, ಗುರುತು ಸಿಗಬಾರದು ಅಂತ ಇಟ್ಟದ್ದು. ಆತ ಗುಣವಾಗಿ, ದೊಡ್ಡವನಾಗಿ ಬದುಕಿದ್ದಾನೆ ಅಂತ ಲೋಕಕ್ಕೆ ತಿಳಿದದ್ದು 1998ರಲ್ಲಿ. ಈ ಕಥೆಯಲ್ಲಿ ನನಗೆ ತುಂಬಾ ಇಷ್ಟವಾಗುವುದು ಹೆಸರು ಮುಚ್ಚಿಟ್ಟ ಆ ಎಚ್ಚರ. ಇವತ್ತು ಕೂದಲು ಉದುರಿದ ಮಕ್ಕಳ ಫೋಟೋ ಹಾಕಿ ದಾನ ಕೇಳುವುದನ್ನು ನೋಡುತ್ತೇವೆ. ಅದು ನನಗೆ ಒಪ್ಪಿಗೆ ಇಲ್ಲ. ಆ ಮಗು ನಾಳೆ ಶಾಲೆಗೆ ಹೋಗಬೇಕು, ಕೆಲಸಕ್ಕೆ ಸೇರಬೇಕು, ಅಲ್ವಾ?

ಒಂದೇ ಔಷಧಿ ಸಾಲದು, ಹಲವು ಔಷಧಿ ಸೇರಿಸಿ ತುಂಬಾ ದಿನ ಕೊಡಬೇಕು ಎಂಬುದು ಮುಂದೆ ತಿಳಿಯಿತು. 1962ರಲ್ಲಿ ಮೆಂಫಿಸ್‌ನಲ್ಲಿ ಶುರುವಾದ ಸೇಂಟ್ ಜೂಡ್ ಆಸ್ಪತ್ರೆಯಲ್ಲಿ ಡೊನಾಲ್ಡ್ ಪಿಂಕೆಲ್ ಮತ್ತು ಜೊತೆಗಾರರು ಈ ದಾರಿ ಹಿಡಿದರು. ಮೆದುಳು, ಬೆನ್ನುಹುರಿಯ ಸುತ್ತ ಅಡಗುವ ಕಾಯಿಲೆಗೂ ಬೇರೆಯಾಗಿ ಚಿಕಿತ್ಸೆ ಕೊಟ್ಟರು. ಆ ದಶಕ ಮುಗಿಯುವ ಹೊತ್ತಿಗೆ ಸುಮಾರು ಅರ್ಧ ಮಕ್ಕಳು ಉಳಿಯುವ ಹಾಗಾಯಿತು. ಆ ಆಸ್ಪತ್ರೆ ಚಿಕಿತ್ಸೆಗಾಗಿ ಯಾವ ಕುಟುಂಬಕ್ಕೂ ಬಿಲ್ಲು ಕಳಿಸುವುದಿಲ್ಲ. ಅದನ್ನು ನಡೆಸುವುದು ಹೆಚ್ಚಾಗಿ ಜನ ಕೊಡುವ ದಾನ.

ಈಗ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕ ನೋಡಿ. ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ 100ಕ್ಕೆ 80ಕ್ಕಿಂತ ಜಾಸ್ತಿ ಮಕ್ಕಳು ಗುಣವಾಗುತ್ತಾರೆ. ಬಡ ದೇಶಗಳಲ್ಲಿ 30 ಕೂಡ ದಾಟುವುದಿಲ್ಲ. ಕಾಯಿಲೆ ತಡವಾಗಿ ಗೊತ್ತಾಗುವುದು, ಔಷಧಿ ಸಿಗದಿರುವುದು, ಸೋಂಕು, ಇವೆಲ್ಲ ಕಾರಣಗಳೇ. ಜೊತೆಗೆ ಇನ್ನೊಂದು ದೊಡ್ಡ ಕಾರಣ ಚಿಕಿತ್ಸೆ ಬಿಟ್ಟು ಹೋಗುವುದು.

ಯಾಕೆ ಬಿಡುತ್ತಾರೆ? ಇಲ್ಲಿ ಸ್ವಲ್ಪ ನಿಲ್ಲೋಣ. ಮೊದಲ ನಾಲ್ಕೈದು ವಾರದ ಕೀಮೋ ಮುಗಿದಾಗ ಬಹುಪಾಲು ಮಕ್ಕಳ ಮಜ್ಜೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಾಯಿಲೆ ಕಾಣುವುದಿಲ್ಲ. ಆದರೂ ಕೆಟ್ಟ ಕಣಗಳು ಕೋಟಿಗಟ್ಟಲೆ ಉಳಿದಿರಬಹುದು. ಅದಕ್ಕೇ ಎ.ಎಲ್.ಎಲ್. ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ಅದರ ಕೊನೆಯ, ತುಂಬಾ ಉದ್ದದ ಹಂತಕ್ಕೆ ಮೇಂಟೆನೆನ್ಸ್ ಅನ್ನುತ್ತಾರೆ. ದಿನಾ ಮರ್‌ಕ್ಯಾಪ್ಟೊಪ್ಯೂರಿನ್ ಮಾತ್ರೆ, ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್. ಮಗು ಮನೆಯಲ್ಲೇ ಇರುತ್ತದೆ. ಕೂದಲು ಬಂದಿರುತ್ತದೆ, ಕೆನ್ನೆ ತುಂಬಿರುತ್ತದೆ, ಓಡಾಡಿಕೊಂಡಿರುತ್ತದೆ. ಅತ್ತ ಅಪ್ಪನ ಸಂಬಳ ನಿಂತಿರುತ್ತದೆ, ಸಾಲ ತಲೆಮೇಲೆ ಕೂತಿರುತ್ತದೆ. 'ಹುಡುಗ ಚೆನ್ನಾಗೇ ಇದ್ದಾನಲ್ಲ, ಸುಮ್ನೆ ಯಾಕೆ ಇನ್ನೂ ಮಾತ್ರೆ?' ಅಂತ ನೆಂಟರು ಕೇಳುತ್ತಾರೆ. ಆ ಪ್ರಶ್ನೆ ಬಂದ ಮನೆಗೆ ನಾವು ಹೋಗಲೇಬೇಕು. ಬಯ್ಯಲು ಅಲ್ಲ, ಬಿಡಿಸಿ ಹೇಳಲು. ಮಾತ್ರೆ ಆಗಾಗ ತಪ್ಪಿದರೂ ಕಾಯಿಲೆ ಮರಳುವ ಸಾಧ್ಯತೆ ಏರುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಮರಳಿ ಬಂದ ಕಾಯಿಲೆಗೆ ಚಿಕಿತ್ಸೆ ಇನ್ನೂ ಕಷ್ಟ, ಖರ್ಚೂ ಜಾಸ್ತಿ.

ಹಾಗಾಗಿ ನಮ್ಮ ಹಣ ಎಲ್ಲಿ ಹೋಗಬೇಕು? ಪ್ರಯಾಣದ ಖರ್ಚಿಗೆ ಹೋಗಬೇಕು. ಆಸ್ಪತ್ರೆ ಹತ್ತಿರ ಉಳಿಯಲು ಒಂದು ಕೋಣೆಗೆ ಹೋಗಬೇಕು. 1974ರಲ್ಲಿ ಫಿಲಡೆಲ್ಫಿಯಾದಲ್ಲಿ ಮೊದಲ ರೊನಾಲ್ಡ್ ಮ್ಯಾಕ್‌ಡೊನಾಲ್ಡ್ ಹೌಸ್ ತೆರೆದದ್ದು ಇದೇ ಕಾರಣಕ್ಕೆ. ಲ್ಯುಕೇಮಿಯಾ ಇದ್ದ ಮಗಳ ತಂದೆ, ಅಮೆರಿಕನ್ ಫುಟ್‌ಬಾಲ್ ಆಟಗಾರ ಫ್ರೆಡ್ ಹಿಲ್ ಮತ್ತು ವೈದ್ಯೆ ಆಡ್ರಿ ಇವಾನ್ಸ್ ಅದರ ಹಿಂದೆ ಇದ್ದರು. ಆಸ್ಪತ್ರೆಯ ಬೆಂಚಿನ ಮೇಲೆ ರಾತ್ರಿ ಕಳೆಯುವ ತಂದೆ ತಾಯಿಗೆ ಬೇಕಾದದ್ದು ಒಂದು ಹಾಸಿಗೆ, ಒಂದು ಅಡುಗೆಮನೆ. ದೊಡ್ಡ ದಾನಿಗಳಿಗೆ ಇಂಥದ್ದು ಸಣ್ಣದಾಗಿ ಕಾಣುತ್ತದೆ. ಅವರಿಗೆ ಯಂತ್ರದ ಮೇಲೆ ಹೆಸರು ಬರೆಸುವುದು ಇಷ್ಟ. ಪ್ರಯಾಣದ ಟಿಕೆಟ್ಟಿನ ಹಣವೂ ಚಿಕಿತ್ಸೆಯೇ ಅಂತ ಅವರಿಗೆ ಮನವರಿಕೆ ಮಾಡಿಸಿ.

ಪ್ರತಿ ಮನೆಗೂ ಒಂದು ಥರ್ಮಾಮೀಟರ್ ಕೊಡಿ. ಕೀಮೋ ನಡೆಯುವಾಗ ಬಿಳಿ ಕಣ ಕಮ್ಮಿ ಇರುತ್ತವೆ. ಆಗ ಬಂದ ಜ್ವರಕ್ಕೆ ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ. ಕೂಡಲೇ ಆಸ್ಪತ್ರೆಗೆ ಹೋಗಿ ಆ್ಯಂಟಿಬಯೋಟಿಕ್ ಶುರುಮಾಡಬೇಕು. ನಡುರಾತ್ರಿ ಫೋನ್ ಮಾಡಿದರೆ ನಮ್ಮಲ್ಲಿ ಒಬ್ಬರು ಎತ್ತಲೇಬೇಕು, ಗಾಡಿ ಹೊಂದಿಸಲೇಬೇಕು. ರಕ್ತ ಹೆಪ್ಪುಗಟ್ಟಲು ಬೇಕಾದ ಕಣ, ಅಂದರೆ ಪ್ಲೇಟ್‌ಲೆಟ್, ಕೊಡುವವರ ಪಟ್ಟಿಯೂ ಸಿದ್ಧ ಇರಲಿ. ರಕ್ತನಿಧಿಯಲ್ಲಿ ಪ್ಲೇಟ್‌ಲೆಟ್ ಸಾಮಾನ್ಯವಾಗಿ ಐದು ದಿನ ಮಾತ್ರ ಉಳಿಯುತ್ತದೆ. ವರ್ಷಕ್ಕೊಂದು ದೊಡ್ಡ ಶಿಬಿರ ಮಾಡಿ ಮರೆತರೆ ಆಗುವುದಿಲ್ಲ.

ಮನೆಯಲ್ಲಿರುವ ಅಣ್ಣ, ತಂಗಿಯರನ್ನೂ ವಿಚಾರಿಸಿ. ಅವರ ಶಾಲೆ ಬಿಟ್ಟುಹೋಗಿರಬಹುದು. ಕೆಲವು ಮಕ್ಕಳಿಗೆ ಮಜ್ಜೆಯ ಕಸಿ, ಅಂದರೆ ಇನ್ನೊಬ್ಬರ ಒಳ್ಳೆಯ ಮಜ್ಜೆ ಹಾಕುವುದು, ಬೇಕಾಗುತ್ತದೆ. ಒಡಹುಟ್ಟಿದವರಲ್ಲಿ ಒಬ್ಬೊಬ್ಬರದೂ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹೊಂದದಿದ್ದರೆ 'ನನ್ನಿಂದ ಆಗಲಿಲ್ಲ' ಅಂತ ಆ ಮಗು ಒಳಗೊಳಗೇ ಕೊರಗಬಹುದು. ಅದರ ಜೊತೆಗೂ ಯಾರಾದರೂ ಕೂತು ಮಾತಾಡಬೇಕು.

ಮಗು ನಾಲ್ಕು ವಾರ ಒಂದೇ ಸಮನೆ ಚಿಕಿತ್ಸೆಗೆ ಬಾರದಿದ್ದರೆ ಚಿಕಿತ್ಸೆ ಬಿಟ್ಟಂತೆ ಎಂದು ವೈದ್ಯರು ಲೆಕ್ಕ ಹಾಕುತ್ತಾರೆ. ನಾವು ಅಷ್ಟು ಕಾಯಬಾರದು. ಗೊತ್ತುಮಾಡಿದ ದಿನ ಮಗು ಬರಲಿಲ್ಲ ಅಂದರೆ ಅವತ್ತೇ ಸಂಜೆ ಫೋನ್ ಹೋಗಬೇಕು. ಎತ್ತದಿದ್ದರೆ ಮಾರನೇ ದಿನ ಒಬ್ಬರು ಮನೆಗೆ ಹೋಗಬೇಕು. ಯಾವ ಮಕ್ಕಳು ಯಾರ ಪಾಲಿಗೆ ಅಂತ ಈಗ ಹಂಚಿಕೊಳ್ಳೋಣ. ಒಬ್ಬರಿಗೆ ಐದು ಮಕ್ಕಳಿಗಿಂತ ಜಾಸ್ತಿ ಬೇಡ.